ವಿಠಲ್ ರಾವ್ ಕ್ಲಿನಿಕ್ಕಿನ ನಗೆ

ಹಾಸ್ಯ ಧಾರಾವಾಹಿಯನ್ನು ಅಳೆಯುವ ಕೋಲು ಯಾವುದು? ನಗೆಯ ಹಿಂದೆ ವಿಡಂಬನೆ ಇದೆಯೇ ಎಂದು ವಿಮರ್ಶೆ ಕೇಳುತ್ತದೆ. ದಿನದ ದುಡಿಮೆ ಮುಗಿಸಿ ಕುಳಿತ ಪ್ರೇಕ್ಷಕನಿಗೆ ಪಾತ್ರ ಪರಿಚಿತವೆನಿಸಿದರೆ ಸಾಕು. ಈ ಎರಡು ಅಳತೆಗಳ ಅಂತರಕ್ಕೆ ‘ಸಿಲ್ಲಿ ಲಲ್ಲಿ’ ಒಳ್ಳೆಯ ನಿದರ್ಶನ.

2000ದ ಡಿಸೆಂಬರ್‌ನಲ್ಲಿ ಆರಂಭವಾದ ಈಟಿವಿ ಕನ್ನಡ ವಾಹಿನಿಯಲ್ಲಿ, ಆ ದಶಕದಲ್ಲೇ ಈ ಧಾರಾವಾಹಿ ಬಂತು. ನಿರ್ದೇಶನ ವಿಜಯ ಪ್ರಸಾದ್ ಅವರದು. ರವಿಶಂಕರ್ ಗೌಡ ಡಾಕ್ಟರ್ ವಿಠಲ್ ರಾವ್ ಆದರೆ, ಮಂಜುಭಾಷಿಣಿ ಸಮಾಜ ಸೇವಕಿ ಲಲ್ಲಿ. ತನ್ನನ್ನು ತಾನೇ ಉದ್ದಕ್ಕೆ ಹೊಗಳಿಕೊಳ್ಳುವ ಡಾಕ್ಟರು, ಸೇವೆಗಿಂತ ಸೇವಕಿಯ ಹೆಸರೇ ದೊಡ್ಡದಾದ ಸಮಾಜ ಸೇವೆ: ಎರಡು ಗೌರವದ ವೃತ್ತಿಗಳೂ ಇಲ್ಲಿ ತಮಾಷೆಯ ವಸ್ತು.

ಅದದೇ ಮಾತು, ಅದದೇ ಭಂಗಿ ಎಂಬುದು ಇಂಥ ಹಾಸ್ಯದ ಮೇಲೆ ಸುಲಭವಾಗಿ ಬರುವ ಆಕ್ಷೇಪ. ಆದರೆ 1997ರಲ್ಲಿ ರಚನೆಯಾದ ದಾವಣಗೆರೆ ಜಿಲ್ಲೆಯ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರಿನಂಥ ಊರುಗಳಿಗೆ ಈ ಪುನರಾವರ್ತನೆ ಹೊಸದಲ್ಲ. ಚಿಂದೋಡಿ ಲೀಲಾ ಅವರ ಕೆ.ಬಿ.ಆರ್. ಡ್ರಾಮಾ ಕಂಪೆನಿ ದಾವಣಗೆರೆಯದೇ. ಕಂಪೆನಿ ನಾಟಕದಲ್ಲಿ ಹಾಸ್ಯನಟನ ಹಳೆಯ ಮಾತು ಮತ್ತೆ ಬರಲೆಂದೇ ಜನ ಕಾಯುತ್ತಿದ್ದರು. ಬೇಸರವೆಂದು ವಿಮರ್ಶೆ ಕರೆಯುವುದು ಅಲ್ಲಿ ಗುರುತಿನ ಸಂತೋಷ.

ಇನ್ನೊಂದು ಕಾರಣವೂ ಉಂಟು. ತಾಲ್ಲೂಕು ಊರಿನಲ್ಲಿ ಡಾಕ್ಟರು ಎಂದರೆ ಎದುರು ಮಾತಾಡಬಾರದ ಮನುಷ್ಯ. ಔಷಧಿಗಿಂತ ಅವರ ಕೈಗುಣವನ್ನೇ ನಂಬುವವರು ಬಹಳ. ಅಂಥ ಕುರ್ಚಿಯಲ್ಲಿ ಕುಳಿತವನು ಬಡಾಯಿ ಕೊಚ್ಚಿ ಪೇಚಿಗೆ ಸಿಲುಕಿದಾಗ, ಸರದಿಯಲ್ಲಿ ನಿಂತು ಅಭ್ಯಾಸವಾದವರಿಗೆ ಅರೆಗಳಿಗೆಯ ಸಮಾನತೆ ಸಿಗುತ್ತದೆ.

ಹಾಗೆಂದು ವಿಮರ್ಶೆಯ ಬೇಡಿಕೆ ಸುಳ್ಳಲ್ಲ. 2001ರಲ್ಲಿ ಆರಂಭವಾದ ಹಿಂದಿಯ ‘ಆಫೀಸ್ ಆಫೀಸ್’ನಲ್ಲಿ ಪಂಕಜ್ ಕಪೂರ್ ಅವರ ಮುಸದ್ದಿಲಾಲ್, ಲಂಚವಿಲ್ಲದೆ ಕಾಗದ ಕದಲದ ಕಚೇರಿಗಳಲ್ಲಿ ಅಲೆದಾಡುತ್ತಾನೆ. ಅಲ್ಲಿ ನಗೆಗೆ ಗುರಿಯಾಗುವುದು ವ್ಯವಸ್ಥೆ. ‘ಸಿಲ್ಲಿ ಲಲ್ಲಿ’ಯಲ್ಲಿ ಮುಖ್ಯವಾಗಿ ವ್ಯಕ್ತಿಯ ಜಂಬ. ಡಾಕ್ಟರೇ ಇಲ್ಲದ ಆಸ್ಪತ್ರೆ, ಹೊರಗೆ ಕೊಳ್ಳಬೇಕಾದ ಔಷಧಿ ಇಂಥ ಲಘು ಹಾಸ್ಯದ ಆಚೆಗೇ ಉಳಿಯುತ್ತವೆ.

ಆದರೂ ಪ್ರೇಕ್ಷಕರ ತೀರ್ಪು ಬಾಳಿಕೆ ಬಂದಿದೆ. 2012ರ ‘ಸಿದ್ಲಿಂಗು’ ಚಿತ್ರದಿಂದ ವಿಜಯ ಪ್ರಸಾದ್ ಬೆಳ್ಳಿತೆರೆಯಲ್ಲಿ ಹೆಸರಾದರು. ಈಟಿವಿ ಕನ್ನಡ 2015ರಲ್ಲಿ ಕಲರ್ಸ್ ಕನ್ನಡವಾಯಿತು. ವಾಹಿನಿಯ ಹೆಸರು ಬದಲಾದರೂ, ರವಿಶಂಕರ್ ಅವರನ್ನು ಜನ ಡಾಕ್ಟರ್ ವಿಠಲ್ ರಾವ್ ಎಂದೇ ಗುರುತಿಸುತ್ತಾರೆ. ದೊಡ್ಡವರನ್ನು ಒಂದು ಮೆಟ್ಟಿಲು ಕೆಳಗಿಳಿಸಿ ತೋರಿಸಿದ್ದಕ್ಕೆ ಸಂದ ಕೃತಜ್ಞತೆ ಅದು. ಮೆಟ್ಟಿಲನ್ನೇ ಪ್ರಶ್ನಿಸುವ ನಗೆ ಬೇರೆ. ಅದರ ಅಗತ್ಯ ಹಾಗೆಯೇ ಇದೆ.