ತಟ್ಟೆಯ ಜಮಾಖರ್ಚು

ಪುಣೆಗೂ ನಮ್ಮ ಧಾರವಾಡ ಸೀಮೆಗೂ ಸಂಗೀತದ ನಂಟು ಹಳೆಯದು. ಕುಂದಗೋಳದ ಸವಾಯಿ ಗಂಧರ್ವರು 1952ರಲ್ಲಿ ತೀರಿಕೊಂಡರು. ಮರುವರ್ಷವೇ ಪುಣೆಯಲ್ಲಿ ಅವರ ಹೆಸರಿನ ಉತ್ಸವ ಶುರುವಾಯಿತು. ಅದನ್ನು ದಶಕಗಳ ಕಾಲ ಬೆಳೆಸಿದವರು ಅವರ ಶಿಷ್ಯ, ಗದಗ ಸೀಮೆಯ ಭೀಮಸೇನ ಜೋಶಿಯವರು.

ಬ್ಯಾಂಕಿನ ವರ್ಗಾವಣೆ ನನ್ನನ್ನೂ ಇದೇ ಊರಿಗೆ ತಂದಿತು. ನಿವೃತ್ತಿಯ ಮೇಲೂ ಸದಾಶಿವ ಪೇಠ ಬಿಡಲಾಗಲಿಲ್ಲ. ತಂದೆಯವರು ಕೂಡಿಟ್ಟ ಗ್ರಾಮಫೋನ್ ತಟ್ಟೆಗಳೂ ನಮ್ಮ ಜೊತೆಗೇ ಇವೆ. ಒಂದು ಪೆಟ್ಟಿಗೆಯಲ್ಲಿ ಭೀಮಸೇನರ ಎಲ್.ಪಿ.ಗಳು, ಇನ್ನೊಂದರಲ್ಲಿ ಅಬ್ದುಲ್ ಕರೀಂ ಖಾನರ, ಗಂಗೂಬಾಯಿ ಹಾನಗಲ್ಲರ 78 ಸುತ್ತಿನ ತಟ್ಟೆಗಳು. ಈಗ ಎದ್ದಿರೋ ಪ್ರಶ್ನೆ ಫೋನೋ ಸ್ಟೇಜ್ ಅನ್ನೋ ಸಣ್ಣ ಡಬ್ಬಿಯದು. ಹಳೆಯದನ್ನು ತೆಗೆದು ಹೊಸದು ತರೋದೋ ಬೇಡವೋ? "ಹಾಡ್ತದಲ್ಲ, ಮತ್ತ ಯಾಕ್ರೀ?" ಅಂತಾಳೆ ಮನೆಯಾಕೆ. ಪೆನ್ಷನ್ ದುಡ್ಡು ನೋಡಿ, ಆಕೆ ಕೇಳೋದೂ ಸರಿಯೇ. ಉತ್ತರಕ್ಕೆ ಸ್ವಲ್ಪ ಇತಿಹಾಸ ತಿರುವಬೇಕು.

ಕೆಳದನಿಯನ್ನು ಇದ್ದ ಹಾಗೇ ಕೊರೆದರೆ ಗೆರೆ ಅಗಲಕ್ಕೆ ಓಲಾಡಿ ಪಕ್ಕದ ಗೆರೆಗೆ ನುಗ್ಗುತ್ತದೆ. ತೀರ ಮೇಲಿನ ದನಿ ತಟ್ಟೆಯ ಸರಸರ ಸದ್ದಿನಲ್ಲಿ ಮುಳುಗುತ್ತದೆ. ಅದಕ್ಕೇ 1925ರ ಸುಮಾರಿಗೆ ವಿದ್ಯುತ್ ಧ್ವನಿಮುದ್ರಣ ಬಂದ ಮೇಲೆ ಕೆಳದನಿ ತಗ್ಗಿಸಿ ಕೊರೆಯುವ ರೂಢಿ ಬಂತು; ಮುಂದೆ ಮೇಲಿನ ದನಿ ಏರಿಸೋದೂ ಸೇರಿಕೊಂಡಿತು. ಕೇಳುವಾಗ ಇದನ್ನೆಲ್ಲ ತಿರುವುಮುರುವು ಮಾಡಬೇಕು. ಲೆಡ್ಜರಿನ ಮಾತಿನಲ್ಲಿ ಹೇಳೋದಾದರೆ, ಅಲ್ಲಿ ಡೆಬಿಟ್ ಆದಷ್ಟು ಇಲ್ಲಿ ಕ್ರೆಡಿಟ್. ಫೋನೋ ಸ್ಟೇಜಿನ ಕೆಲಸ ಈ ಜಮಾಖರ್ಚು. ಜೊತೆಗೆ ಸಾಮಾನ್ಯ ಕಾರ್ಟ್ರಿಜ್ ಕೊಡುವ ಸುಮಾರು 5 ಮಿಲಿವೋಲ್ಟನ್ನು ನೂರು ಪಟ್ಟು ಹಿಗ್ಗಿಸಿ ಆಂಪ್ಲಿಫೈಯರಿಗೆ ದಾಟಿಸುತ್ತದೆ.

ಆದರೆ ಮೊದಲೆಲ್ಲ ಕಂಪನಿಗೊಂದು ಲೆಕ್ಕವಿತ್ತು. 1954ರಲ್ಲಿ ಅಮೆರಿಕದ ಆರ್‌ಐಎಎ ಸಂಘ ಒಂದು ಲೆಕ್ಕ ಗೊತ್ತುಮಾಡಿತು, ಕ್ರಮೇಣ ಲೋಕವೆಲ್ಲ ಅದನ್ನೇ ಹಿಡಿಯಿತು. ಈಗಿನ ಡಬ್ಬಿಗಳಲ್ಲಿ ಸಾಮಾನ್ಯವಾಗಿ ಇರೋದು ಅದೊಂದೇ. ಭೀಮಸೇನರ ಎಲ್.ಪಿ.ಗಳು ಆಮೇಲಿನವು, ಅವಕ್ಕೆ ನನ್ನ ಹಳೆಯ ಡಬ್ಬಿ ಸಾಕು.

ಕಷ್ಟ ಇರೋದು ಗಂಗೂಬಾಯಿಯವರ 1930ರ ದಶಕದ ತಟ್ಟೆಗಳಲ್ಲಿ. ನಮ್ಮ ತಲೆಮಾರು ಕೇಳಿದ್ದು ಅವರ ಗಡಸು ಕಂಠ. ಗಂಟಲಿನ ಚಿಕಿತ್ಸೆಗೆ ಮುಂಚಿನ ಅವರ ತೆಳು, ಎತ್ತರದ ದನಿ ಉಳಿದಿರೋದು ಆ ತಟ್ಟೆಗಳಲ್ಲೇ. ಅದನ್ನು ಆರ್‌ಐಎಎ ಲೆಕ್ಕದಲ್ಲಿ ಹಾಡಿಸಿದರೆ ಮೇಲಿನ ದನಿ ಬೇಡದಷ್ಟು ತಗ್ಗುತ್ತದೆ, ಕೆಳದನಿ ಉಬ್ಬುತ್ತದೆ. ಎಳೆಯ ಕಂಠಕ್ಕೆ ಇಲ್ಲದ ವಯಸ್ಸು ಬಂದುಬಿಡುತ್ತದೆ!

ನಮ್ಮ ಪೇಠಿನಲ್ಲೇ 1910ರಲ್ಲಿ ಹುಟ್ಟಿದ ಭಾರತ ಇತಿಹಾಸ ಸಂಶೋಧಕ ಮಂಡಳವಿದೆ. ಅಲ್ಲಿನ ಮೋಡಿ ಕಾಗದ ಓದಲು ಬೆಲೆಬಾಳುವ ಕನ್ನಡಕ ಸಾಲದು, ಲಿಪಿ ತಿಳಿದಿರಬೇಕು. ತಟ್ಟೆಯ ಮಾತೂ ಹಾಗೇ.

ಆದ್ದರಿಂದ ನನ್ನ ತೀರ್ಮಾನ ಇಷ್ಟು. ಮೊದಲು 78ಕ್ಕೆ ಬೇರೆ ಸೂಜಿ. ಅದರ ಮೊನೆ ಎಲ್.ಪಿ. ಸೂಜಿಗಿಂತ ಸುಮಾರು ಮೂರು ಪಟ್ಟು ಅಗಲ. ಆಮೇಲೆ, ಲೆಕ್ಕ ಬದಲಿಸುವ ಗುಂಡಿಗಳಿರೋ ಫೋನೋ ಸ್ಟೇಜ್. ಬರೀ ದುಬಾರಿಯಾದದ್ದು ಬೇಡ. ಊರಿನಲ್ಲಿ ನಿಮ್ಮ ಅಟ್ಟದ ಮೇಲೂ ಇಂಥ ಪೆಟ್ಟಿಗೆ ಇದ್ದರೆ ಮೊದಲು ತಟ್ಟೆಯ ಕಾಲ ಪತ್ತೆ ಮಾಡಿ, ಡಬ್ಬಿಯ ಬೆಲೆ ಆಮೇಲೆ ವಿಚಾರಿಸಿ.