ಅಂಟು ಅಣುಗಳು ಮತ್ತು ಬಿಳಿ ರಕ್ತಕಣಗಳ ಸಂಚಾರ: ಸಂಶೋಧನೆಯ ಇತಿಹಾಸ

ಬಿಳಿ ರಕ್ತಕಣಗಳು ಹರಿಯುವ ರಕ್ತದ ಸೆಳೆತವನ್ನು ತಡೆದುಕೊಂಡು ನಾಳದ ಒಳಗೋಡೆಗೆ ಅಂಟಲು, ಅದನ್ನು ದಾಟಿ ಅಂಗಾಂಶಕ್ಕೆ ಇಳಿಯಲು ನೆರವಾಗುವ ಪ್ರೋಟೀನುಗಳೇ ಅಂಟು ಅಣುಗಳು. ಇವು ಕಣದ ಮೈಮೇಲೂ ಇವೆ, ಗೋಡೆಯ ಮೇಲೂ ಇವೆ. ಸೆಲೆಕ್ಟಿನ್ ಮತ್ತು ಇಂಟೆಗ್ರಿನ್ ಕುಟುಂಬದವು ಹೆಚ್ಚು ಪರಿಚಿತ.

ಅಂಟುವುದನ್ನು ಕಣ್ಣಾರೆ ಕಂಡು ಒಂದೂವರೆ ಶತಮಾನ ಕಳೆದರೂ ಕಾರಣ ತಿಳಿದಿರಲಿಲ್ಲ. ಕಪ್ಪೆಯ ನಾಳಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದ 19ನೆಯ ಶತಮಾನದ ವಿಜ್ಞಾನಿಗಳು, ಕೆಂಪು ಕಣಗಳು ನಡುಹರಿವಿನಲ್ಲಿ ಓಡುವಾಗ ಬಿಳಿ ಕಣಗಳು ಅಂಚಿನಲ್ಲಿ ಮೆಲ್ಲಗೆ ಉರುಳುವುದನ್ನು ಬರೆದಿಟ್ಟರು. 1867ರಲ್ಲಿ ಜರ್ಮನಿಯ ಜೂಲಿಯಸ್ ಕೋನ್‌ಹೈಮ್, ಉರಿಯೂತದಲ್ಲಿ ಅವು ಗೋಡೆಯನ್ನು ತೂರಿ ಹೊರಬರುತ್ತವೆ, ಕೀವಿನ ಕಣಗಳು ಅವೇ ಎಂದು ತೋರಿಸಿದರು. ಅವರ ಪ್ರಕಾರ ಬದಲಾಗುವುದು ಗೋಡೆ. 1882ರಲ್ಲಿ ಮೆಸ್ಸಿನಾದಲ್ಲಿ ನಕ್ಷತ್ರಮೀನಿನ ಮರಿಗಳನ್ನು ಪರೀಕ್ಷಿಸಿದ ಇಲ್ಯಾ ಮೆಚ್ನಿಕಾಫ್‌ಗೆ ಕಣಗಳೇ ಮುಖ್ಯವಾಗಿ ಕಂಡವು. ಇಬ್ಬರೂ ಅರ್ಧರ್ಧ ಸರಿ.

ಬಿಳಿ ಕಣಗಳ ಒಂದು ಬಗೆಯಾದ ಲಿಂಫೋಸೈಟುಗಳು ರಕ್ತದಿಂದ ದುಗ್ಧಗ್ರಂಥಿಗೆ ಹೋಗಿ ಮತ್ತೆ ರಕ್ತಕ್ಕೆ ಮರಳುತ್ತವೆಂದು ಆಕ್ಸ್‌ಫರ್ಡ್‌ನ ಜೇಮ್ಸ್ ಗೋವನ್ಸ್ ಇಲಿಗಳಲ್ಲಿ ತೋರಿಸಿದ ಮೇಲೆ ಪ್ರಶ್ನೆ ಇನ್ನಷ್ಟು ಮೊನಚಾಯಿತು: ಇಳಿಯುವ ಜಾಗ ಅವಕ್ಕೆ ಹೇಗೆ ಗೊತ್ತು? 1976ರಲ್ಲಿ ಸ್ಟ್ಯಾಂಪರ್ ಮತ್ತು ವುಡ್ರಫ್ ದುಗ್ಧಗ್ರಂಥಿಯನ್ನು ಹೆಪ್ಪುಗಟ್ಟಿಸಿ ತೆಳುವಾಗಿ ಸೀಳಿ, ಅದರ ಮೇಲೆ ಲಿಂಫೋಸೈಟುಗಳನ್ನು ಸುರಿದರು. ಅವು ದಪ್ಪ ಒಳಪೊರೆಯ ಕಿರುಸಿರೆಗಳನ್ನೇ ಆರಿಸಿ ಅಂಟಿಕೊಂಡವು. ಇಷ್ಟು ಸರಳವಾದ ಪ್ರಯೋಗ ಇಷ್ಟು ದೂರ ಒಯ್ದದ್ದು ಅಪರೂಪ. ಅದನ್ನೇ ಬಳಸಿ ಗ್ಯಾಲಟಿನ್, ವೈಸ್‌ಮನ್ ಮತ್ತು ಬುಚರ್ 1983ರಲ್ಲಿ ಈ ಅಂಟನ್ನು ತಡೆಯುವ ಪ್ರತಿಕಾಯವನ್ನು ಪಡೆದರು. ಅದು ಹಿಡಿದ ಅಣುವಿಗೆ ಮುಂದೆ ಎಲ್-ಸೆಲೆಕ್ಟಿನ್ ಎಂಬ ಹೆಸರು ಬಂತು.

ಇನ್ನೊಂದು ಸುಳಿವು ಸಿಕ್ಕಿದ್ದು ಕಾಯಿಲೆಯ ಮಕ್ಕಳಿಂದ. ಹೊಕ್ಕುಳಬಳ್ಳಿ ತಡವಾಗಿ ಉದುರುವುದು, ಪದೇ ಪದೇ ಸೋಂಕು. ರಕ್ತದಲ್ಲಿ ಬಿಳಿ ಕಣಗಳು ತುಂಬಿದ್ದರೂ ಗಾಯದಲ್ಲಿ ಕೀವೇ ಇಲ್ಲ! ಈ ಮಕ್ಕಳಲ್ಲಿ ಕೆಲವು ಇಂಟೆಗ್ರಿನ್‌ಗಳಿಗೆ ಸಮಾನವಾದ ಸಿಡಿ18 ಎಂಬ ಸರಪಳಿಯೇ ದೋಷಪೂರಿತವೆಂದು 1980ರ ದಶಕದಲ್ಲಿ ತಿಳಿಯಿತು.

1991ರಲ್ಲಿ ಲಾರೆನ್ಸ್ ಮತ್ತು ಸ್ಪ್ರಿಂಗರ್ ಹರಿವಿನಲ್ಲೇ ಪರೀಕ್ಷೆ ಮಾಡಿದರು. ಪಿ-ಸೆಲೆಕ್ಟಿನ್ ಇದ್ದ ಮೇಲ್ಮೈ ಮೇಲೆ ನ್ಯೂಟ್ರೊಫಿಲ್ ಎಂಬ ಬಿಳಿ ಕಣಗಳು ಉರುಳಿದವು, ಆದರೆ ನಿಲ್ಲಲಿಲ್ಲ. ಇಂಟೆಗ್ರಿನ್ ಹಿಡಿಯುವ ಐಕ್ಯಾಮ್-1 ಮಾತ್ರ ಇದ್ದಾಗ ಹರಿವಿನಲ್ಲಿ ಹಿಡಿತವೇ ಸಿಗಲಿಲ್ಲ. ಎರಡೂ ಇದ್ದು, ರಾಸಾಯನಿಕ ಸಂಕೇತವೂ ಸೇರಿದಾಗ ಉರುಳುತ್ತಿದ್ದ ಕಣಗಳು ಗಟ್ಟಿಯಾಗಿ ನಿಂತವು. ಉರುಳು, ಎಚ್ಚರ, ನಿಲುಗಡೆ, ದಾಟು ಎಂಬ ಹಂತಗಳ ಮಾದರಿಯನ್ನು ಬುಚರ್ ಅದೇ ವರ್ಷ ಮಂಡಿಸಿದರು. ಮರುವರ್ಷ ಇಸ್ರೇಲಿನ ಇಬ್ಬರು ಮಕ್ಕಳಲ್ಲಿ ಉರುಳುವ ಹಂತವೇ ಕೆಟ್ಟಿರುವುದು ವರದಿಯಾಯಿತು. ಅವರದು 1952ರಲ್ಲಿ ಭೇಂಡೆ ಮತ್ತು ಸಂಗಡಿಗರು ವರದಿ ಮಾಡಿದ ಬಾಂಬೆ ರಕ್ತದ ಗುಂಪು. ಫ್ಯೂಕೋಸ್ ಎಂಬ ಸಕ್ಕರೆ ಆ ಗುಂಪಿನವರಲ್ಲಿ ಇಲ್ಲದ ಎಚ್ ಪ್ರತಿಜನಕಕ್ಕೂ ಬೇಕು, ಸೆಲೆಕ್ಟಿನ್ ಹಿಡಿಯುವ ಕೊಂಡಿಗೂ ಬೇಕು. ಮಕ್ಕಳಲ್ಲಿ ಎರಡಕ್ಕೂ ಅದು ಒದಗುತ್ತಿರಲಿಲ್ಲ. ಬಾಂಬೆ ಗುಂಪಿನ ಉಳಿದವರಲ್ಲಿ ಕೊರತೆ ಎಚ್‌ಗೆ ಸೀಮಿತ, ಅವರು ಆರೋಗ್ಯವಾಗಿರುತ್ತಾರೆ.

ಔಷಧಗಳ ಕಥೆ ಅಷ್ಟು ನೇರವಲ್ಲ. ಬಿಳಿ ಕಣಗಳ ಅಂಟನ್ನು ತಡೆದು ಅವನ್ನು ಮಿದುಳಿಗೆ ಹೋಗದಂತೆ ಮಾಡುವ ನಟಲಿಜುಮಾಬ್‌ಗೆ ಮಲ್ಟಿಪಲ್ ಸ್ಕ್ಲೆರೋಸಿಸ್ ಚಿಕಿತ್ಸೆಗಾಗಿ 2004ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ಕಾವಲು ಸಡಿಲವಾದ ಮಿದುಳಿನಲ್ಲಿ ಜೆಸಿ ವೈರಾಣು ತಲೆಯೆತ್ತಿದ ಪ್ರಕರಣಗಳು ಕಂಡು 2005ರಲ್ಲಿ ಮಾರಾಟ ನಿಂತಿತು. ಕಟ್ಟುನಿಟ್ಟಿನ ನಿಗಾದೊಂದಿಗೆ 2006ರಲ್ಲಿ ಮತ್ತೆ ಬಂತು. 2014ರಲ್ಲಿ ಬಂದ ವೆಡೊಲಿಜುಮಾಬ್, ಕರುಳಿಗೆ ಹೋಗುವ ಕಣಗಳ ಇಂಟೆಗ್ರಿನ್ ಒಂದನ್ನೇ ಗುರಿಯಾಗಿಸುತ್ತದೆ.