ಬರೋಡಾ ಕ್ರಿಕೆಟ್ ತಂಡ: ಏಳುಬೀಳುಗಳ ಇತಿಹಾಸ

ಬರೋಡಾ ಕ್ರಿಕೆಟ್ ತಂಡವು ಗುಜರಾತಿನ ವಡೋದರಾ ನಗರವನ್ನು ನೆಲೆಯಾಗಿಸಿಕೊಂಡು ರಣಜಿ ಟ್ರೋಫಿಯಲ್ಲಿ ಆಡುವ ಹಳೆಯ ತಂಡ. 1942–43, 1946–47, 1949–50, 1957–58 ಮತ್ತು 2000–01ರಲ್ಲಿ, ಒಟ್ಟು ಐದು ಬಾರಿ, ಟ್ರೋಫಿ ಗೆದ್ದಿದೆ. ಗುಜರಾತ್ ರಾಜ್ಯದಿಂದ ಒಂದಲ್ಲ, ಮೂರು ತಂಡಗಳು ರಣಜಿಯಲ್ಲಿ ಆಡುತ್ತವೆ. ಅಹಮದಾಬಾದ್ ಮತ್ತು ಸೂರತ್ ಗುಜರಾತ್ ತಂಡಕ್ಕೆ ಸೇರಿದರೆ, ರಾಜ್‌ಕೋಟ್ ಸೌರಾಷ್ಟ್ರದ ನೆಲೆ. ವಡೋದರಾ ಮಾತ್ರ ಸಂಸ್ಥಾನದ ಕಾಲದ ಹೆಸರನ್ನೂ ತಂಡವನ್ನೂ ಉಳಿಸಿಕೊಂಡು ಬಂದಿದೆ.

ತಂಡದ ಮೊದಲ ಏಳಿಗೆಗೆ ಅರಮನೆಯೇ ಆಧಾರ. ಬರೋಡಾ ಸಂಸ್ಥಾನವನ್ನು ಆಳುತ್ತಿದ್ದ ಗಾಯಕವಾಡ ದೊರೆಗಳು ಒಳ್ಳೆಯ ಆಟಗಾರರನ್ನು ಬೇರೆ ಊರುಗಳಿಂದ ಕರೆಸಿ, ಸಂಸ್ಥಾನದಲ್ಲಿ ಕೆಲಸ ಕೊಟ್ಟು ನೆಲೆ ನಿಲ್ಲಿಸಿದರು. ಕ್ರಿಕೆಟ್‌ನಿಂದ ಹೊಟ್ಟೆ ಹೊರೆಯಲಾಗದ ಆ ಕಾಲದಲ್ಲಿ ಇದು ಸಣ್ಣ ಮಾತಲ್ಲ. ಮಹಾರಾಷ್ಟ್ರದ ಸಾಂಗ್ಲಿಯವರಾದ ವಿಜಯ್ ಹಜಾರೆ ಹೀಗೆ ಬಂದು ಬರೋಡಾದವರೇ ಆದರು. 1942–43ರ ಋತುವಿನಲ್ಲಿ ಲೆಗ್ ಸ್ಪಿನ್ನರ್ ಸಿ.ಎಸ್. ನಾಯ್ಡು 40 ವಿಕೆಟ್ ಪಡೆದರು. ಒಂದೇ ರಣಜಿ ಋತುವಿನಲ್ಲಿ ಅಷ್ಟು ವಿಕೆಟ್ ಪಡೆದ ಮೊದಲಿಗರು ಅವರೇ. ಆ ವರ್ಷ ಫೈನಲ್‌ನಲ್ಲಿ ಹೈದರಾಬಾದನ್ನು ಸೋಲಿಸಿ ಬರೋಡಾ ಮೊದಲ ಬಾರಿ ಟ್ರೋಫಿ ಎತ್ತಿತು.

ಮುಂದಿನ ವರ್ಷಗಳ ಕಥೆ ಇಂದೋರಿನ ಹೋಳ್ಕರ್ ತಂಡದೊಂದಿಗಿನ ಪೈಪೋಟಿಯ ಕಥೆ. 1945–46ರ ಫೈನಲ್‌ನಲ್ಲಿ ಹೋಳ್ಕರ್ ಗೆದ್ದಿತು. 1947ರ ಮಾರ್ಚ್‌ನಲ್ಲಿ ಅವೇ ಎರಡು ತಂಡಗಳು ಬರೋಡಾದಲ್ಲಿ ಮತ್ತೆ ಎದುರಾದವು. ಹೋಳ್ಕರ್ 202ಕ್ಕೆ ಆಲೌಟಾಯಿತು. ಬರೋಡಾ 91 ರನ್‌ಗೆ 3 ವಿಕೆಟ್ ಕಳೆದುಕೊಂಡಿದ್ದಾಗ ಹಜಾರೆ ಮತ್ತು ಗುಲ್ ಮೊಹಮ್ಮದ್ ಜೊತೆಯಾದರು. ಸಿ.ಕೆ. ನಾಯ್ಡು ಅವರಂಥ ಹಿರಿಯರಿದ್ದ ಹೋಳ್ಕರ್ ಪಡೆ 533 ನಿಮಿಷ ಬೆವರು ಸುರಿಸಿದರೂ ಈ ಜೋಡಿಯನ್ನು ಕದಲಿಸಲಾಗಲಿಲ್ಲ. ನಾಲ್ಕನೇ ವಿಕೆಟ್‌ಗೆ 577 ರನ್ ಬಂದವು. ಹಜಾರೆ 288, ಗುಲ್ ಮೊಹಮ್ಮದ್ 319. ಬರೋಡಾ 784 ರನ್ ಪೇರಿಸಿ, ಇನ್ನಿಂಗ್ಸ್ ಮತ್ತು 409 ರನ್‌ಗಳಿಂದ ಗೆದ್ದಿತು. ಯಾವುದೇ ವಿಕೆಟ್‌ಗೆ ಪ್ರಥಮ ದರ್ಜೆ ಕ್ರಿಕೆಟ್‌ನ ಅತಿ ದೊಡ್ಡ ಜೊತೆಯಾಟವೆಂಬ ಆ ದಾಖಲೆಯನ್ನು ಮುರಿಯಲು 2006ರಲ್ಲಿ ಶ್ರೀಲಂಕಾದ ಸಂಗಕ್ಕಾರ, ಜಯವರ್ಧನೆ ಬರಬೇಕಾಯಿತು. ಆದರೂ ನಮ್ಮ ದೇಶಿ ಕ್ರಿಕೆಟ್‌ನ ಮಾತು ಬಂದಾಗ ಗುಲ್ ಮೊಹಮ್ಮದ್ ಹೆಸರು ಅಪರೂಪಕ್ಕೆ ಕೇಳಿಬರುತ್ತದೆ, ಇದು ನ್ಯಾಯವಲ್ಲ. ಲಾಹೋರಿನ ಈ ಎಡಗೈ ಆಟಗಾರ ಮುಂದೆ ಪಾಕಿಸ್ತಾನಕ್ಕೂ ಟೆಸ್ಟ್ ಆಡಿದರು. ಬರೋಡಾದಲ್ಲಿ ಅವರೊಂದಿಗಿದ್ದ ಅಮೀರ್ ಇಲಾಹಿ ಕೂಡ ಎರಡೂ ದೇಶಗಳ ಪರ ಆಡಿದವರು.

1949ರ ಮೇ 1ರಂದು ಬರೋಡಾ ಸಂಸ್ಥಾನ ಮುಂಬಯಿ ಪ್ರಾಂತಕ್ಕೆ ಸೇರಿತು. ಅದರ ಬೆನ್ನಿಗೇ ಬಂದ ಋತುವಿನಲ್ಲಿ ಹೋಳ್ಕರ್ ತಂಡವನ್ನೇ ಮಣಿಸಿ ಮೂರನೇ ಬಾರಿ ಟ್ರೋಫಿ ಗೆದ್ದರೂ, ಆಟಗಾರರನ್ನು ಹಿಡಿದಿಟ್ಟಿದ್ದ ಆಶ್ರಯ ಸಡಿಲವಾಗತೊಡಗಿತ್ತು. ಹೋಳ್ಕರ್ ತಂಡ ಕೆಲವೇ ವರ್ಷಗಳಲ್ಲಿ ಹೆಸರಿಲ್ಲದಂತಾಯಿತು, ಬರೋಡಾ ಉಳಿಯಿತು. 1957–58ರಲ್ಲಿ ದತ್ತಾಜಿರಾವ್ ಗಾಯಕವಾಡ್ ನಾಯಕತ್ವದಲ್ಲಿ, ಫೈನಲ್‌ನಲ್ಲಿ ಅವರದೇ ಶತಕದೊಂದಿಗೆ, ಸರ್ವಿಸಸ್ ವಿರುದ್ಧ ಗೆದ್ದಿದ್ದು ಈ ಘಟ್ಟದ ಕೊನೆಯ ಗೆಲುವು.

ಆಮೇಲೆ 43 ವರ್ಷ ಟ್ರೋಫಿಯಿಲ್ಲ. ಆಟಗಾರರ ಕೊರತೆಯಂತೂ ಇರಲಿಲ್ಲ. ದತ್ತಾಜಿರಾವ್ ಅವರ ಮಗ ಅಂಶುಮಾನ್ 1983ರಲ್ಲಿ ಜಲಂಧರ್‌ನಲ್ಲಿ ಪಾಕಿಸ್ತಾನದ ವಿರುದ್ಧ 671 ನಿಮಿಷ ನಿಂತು 201 ರನ್ ಹೊಡೆದರು. ಕಿರಣ್ ಮೋರೆ, ಅವರ ಬಳಿಕ ನಯನ್ ಮೊಂಗಿಯಾ ಭಾರತದ ವಿಕೆಟ್ ಕಾಯ್ದರು. ಒಬ್ಬಿಬ್ಬರು ದೊಡ್ಡ ಆಟಗಾರರಿದ್ದು ಉಳಿದ ತಂಡ ತೆಳುವಾಗಿದ್ದರೆ ರಣಜಿ ಗೆಲ್ಲಲಾಗದು ಎಂಬುದಕ್ಕೆ ಈ ದಶಕಗಳೇ ಸಾಕ್ಷಿ. ಆ ದಶಕಗಳ ಕಹಿ ನೆನಪೂ ಒಂದಿದೆ: 1985ರ ಜನವರಿಯಲ್ಲಿ ಮುಂಬಯಿಯಲ್ಲಿ ರವಿ ಶಾಸ್ತ್ರಿ ಒಂದೇ ಓವರಿನಲ್ಲಿ ಆರು ಸಿಕ್ಸರ್ ಬಾರಿಸಿದ್ದು ಬರೋಡಾದ ತಿಲಕ್ ರಾಜ್ ಬೌಲಿಂಗ್‌ನಲ್ಲಿ.

ತೊಂಬತ್ತರ ದಶಕದ ಕೊನೆಯಲ್ಲಿ ಗಾಳಿ ತಿರುಗಿತು. ಜೇಕಬ್ ಮಾರ್ಟಿನ್ 1998–99ರ ರಣಜಿಯಲ್ಲಿ ಸಾವಿರಕ್ಕೂ ಹೆಚ್ಚು ರನ್ ಗಳಿಸಿದರು. ಮಹಾರಾಷ್ಟ್ರದ ಶ್ರೀರಾಮಪುರದ ಎಡಗೈ ವೇಗಿ ಜಹೀರ್ ಖಾನ್ ಅವಕಾಶ ಅರಸಿ ಬರೋಡಾಕ್ಕೆ ಬಂದರು. ಹಿಂದೆ ದೊರೆಗಳು ಮಾಡಿದ್ದ ಕೆಲಸವನ್ನು ಈಗ ತಂಡದ ಬಾಗಿಲು ತೆರೆದಿಟ್ಟವರು ಮಾಡಿದರು. 2001ರ ಏಪ್ರಿಲ್‌ನಲ್ಲಿ ತವರಿನಲ್ಲೇ ನಡೆದ ಫೈನಲ್‌ನಲ್ಲಿ ರೈಲ್ವೇಸ್ ಗೆಲುವಿನತ್ತ ಸಾಗಿದ್ದಾಗ ಜಹೀರ್ 43 ರನ್‌ಗೆ 5 ವಿಕೆಟ್ ಕಿತ್ತರು. ಮಾರ್ಟಿನ್ ನಾಯಕತ್ವದ ಬರೋಡಾ ಗೆದ್ದದ್ದು ಬರೀ 21 ರನ್‌ಗಳಿಂದ. ಅದೇ ವಸಂತದಲ್ಲಿ, ಮಸೀದಿಯ ಆವರಣದಲ್ಲಿ ಬೆಳೆದ ಇರ್ಫಾನ್ ಪಠಾಣ್ ತಂಡಕ್ಕೆ ಕಾಲಿಟ್ಟರು. ಮುಂದಿನ ವರ್ಷ ರೈಲ್ವೇಸ್ ಫೈನಲ್‌ನಲ್ಲೇ ಸೇಡು ತೀರಿಸಿಕೊಂಡಿತು.

2010–11ರಲ್ಲಿ ಕರ್ನಾಟಕವನ್ನು ಮೋತಿಬಾಗ್ ಅಂಗಳದ ಸೆಮಿಫೈನಲ್‌ನಲ್ಲಿ ಮಣಿಸಿ ಫೈನಲ್ ತಲುಪಿದ ಬರೋಡಾ, ಮೊದಲ ಇನ್ನಿಂಗ್ಸ್ ಹಿನ್ನಡೆಯಿಂದ ರಾಜಸ್ಥಾನಕ್ಕೆ ಟ್ರೋಫಿ ಬಿಟ್ಟುಕೊಟ್ಟಿತು. ಟ್ವೆಂಟಿ20ಯಲ್ಲಿ ಫಲ ಸಿಕ್ಕಿತು: 2011–12 ಮತ್ತು 2013–14ರಲ್ಲಿ ಸೈಯದ್ ಮುಷ್ತಾಕ್ ಅಲಿ ಟ್ರೋಫಿ. ಹಾರ್ದಿಕ್ ಮತ್ತು ಕೃಣಾಲ್ ಪಾಂಡ್ಯ ಸಹೋದರರು ಇಲ್ಲಿಂದಲೇ ಹೊರಟವರು. ಆದರೆ ಭಾರತ ತಂಡ ಮತ್ತು ಐಪಿಎಲ್ ಕರೆದೊಯ್ದ ಆಟಗಾರರು ನಾಲ್ಕು ದಿನಗಳ ಪಂದ್ಯಕ್ಕೆ ಸಿಗುವುದು ಅಪರೂಪವಾಯಿತು. ದೀಪಕ್ ಹೂಡಾ 2021ರಲ್ಲಿ ತಂಡವನ್ನೇ ಬಿಟ್ಟು ರಾಜಸ್ಥಾನಕ್ಕೆ ಹೋದರು. ಅರಮನೆಯ ಕಾಲದಲ್ಲಿ ಆಟಗಾರರು ಬಂದು ನಿಲ್ಲುತ್ತಿದ್ದ ಊರು ಈಗ ಅವರನ್ನು ಬೆಳೆಸಿ ಕಳುಹಿಸುವ ಊರಾಗಿದೆ.

2024ರ ಫೆಬ್ರುವರಿಯ ಕ್ವಾರ್ಟರ್‌ಫೈನಲ್‌ನಲ್ಲಿ ಮುಂಬಯಿಯ 10 ಮತ್ತು 11ನೇ ಕ್ರಮಾಂಕದ ಇಬ್ಬರೂ ಬರೋಡಾ ವಿರುದ್ಧ ಶತಕ ಹೊಡೆದರು. ಎಂಟು ತಿಂಗಳೊಳಗೆ ವಡೋದರಾ ಹೊರವಲಯದ ಕೋಟಂಬಿಯಲ್ಲಿ ಬರೋಡಾ ಅದೇ ಮುಂಬಯಿಯನ್ನು 84 ರನ್‌ಗಳಿಂದ ಸೋಲಿಸಿತು. ಡಿಸೆಂಬರ್‌ನಲ್ಲಿ ಸಿಕ್ಕಿಂ ವಿರುದ್ಧ 5 ವಿಕೆಟ್‌ಗೆ 349 ರನ್ ಗಳಿಸಿ ಟ್ವೆಂಟಿ20 ಮೊತ್ತದ ದಾಖಲೆ ಬರೆಯಿತು. 2025ರ ಜನವರಿಯಲ್ಲಿ, ಹಜಾರೆ ಅವರ ಹೆಸರಿನ ಏಕದಿನ ಟೂರ್ನಿಯ ಕ್ವಾರ್ಟರ್‌ಫೈನಲ್‌ನಲ್ಲಿ, ಹಜಾರೆ ಅವರ ಊರಿನಲ್ಲೇ ಕರ್ನಾಟಕಕ್ಕೆ 5 ರನ್‌ಗಳಿಂದ ಸೋತಿತು. ಕೆಲವೇ ದಿನಗಳಲ್ಲಿ ಕರ್ನಾಟಕ ಕೋಟಂಬಿಯಲ್ಲೇ ವಿದರ್ಭವನ್ನು ಸೋಲಿಸಿ ಆ ಟ್ರೋಫಿಯನ್ನು ಐದನೇ ಬಾರಿ ಗೆದ್ದುಕೊಂಡಿತು.